ಮೇಷ್ಟರು ಪರೀಕ್ಷೆಗೆ ಕುಳಿತರು

ಹತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ ಬಂದವನು ನಾನು. ಪ್ರತಿವರ್ಷವೂ ನೂರಾರು ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯನ್ನು ಹರಿಸಿ, ಒಂದೆರಡು ಅಂಕಗಳಿಗಾಗಿ ಅಂಗಲಾಚುತ್ತ ಬಂದ ಹುಡುಗರನ್ನು “ಓದಿ ಬರೆಯಬಾರದಾಗಿತ್ತೇ?” ಎಂದು ಗದರಿಸಿ ಕಳುಹಿಸಿದ್ದೇನೆ. ಆ ಹುಡುಗರ ಶಾಪವೇ ತಟ್ಟಿತೋ ಏನೋ, ಮೂವತ್ತಾರನೆಯ ವಯಸ್ಸಿನಲ್ಲಿ, ಹುಟ್ಟಿದ ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ, ನಾನೂ ಪರೀಕ್ಷೆಗೆ ಕುಳಿತು ನಪಾಸಾದೆ. ವ್ಯಾಕರಣದಲ್ಲಲ್ಲ, ಛಂದಸ್ಸಿನಲ್ಲಲ್ಲ, ಮೋಟಾರು ನಡೆಸುವುದರಲ್ಲಿ.

ನನ್ನ ಮನೆಯಾಕೆ ನರ್ಸು. ೨೦೨೨ರ ಸೆಪ್ಟೆಂಬರಿನಲ್ಲಿ ಆಕೆಗೆ ಇಂಗ್ಲೆಂಡಿನ ಲೆಸ್ಟರ್ ನಗರದ ಆಸ್ಪತ್ರೆಯೊಂದರಲ್ಲಿ ಕೆಲಸ ದೊರೆಯಿತು. ನಾನು ಎರಡು ವರ್ಷ ಸಂಬಳವಿಲ್ಲದ ರಜೆ ಪಡೆದು, ಆರು ವರ್ಷದ ಮಗಳ ಕೈ ಹಿಡಿದು, ಆಕೆಯ ಹಿಂದೆ ಹೊರಟೆ. ಗಂಡನ ಹಿಂದೆ ಹೆಂಡತಿ ಹೋಗುವುದು ಹಳೆಯ ಕಥೆ. ನಮ್ಮದು ಅದರ ತಿರುವು ಮುರುವು. ಮನೆ ನೋಡಿಕೊಳ್ಳುವುದು, ಮಗಳನ್ನು ಶಾಲೆಗೆ ಕರೆದೊಯ್ಯುವುದು, ರಾತ್ರಿಪಾಳಿ ಮುಗಿಸಿದ ಹೆಂಡತಿಯನ್ನು ಬೆಳಿಗ್ಗೆ ಮನೆಗೆ ತಲುಪಿಸುವುದು, ಇವು ನನ್ನ ಪಾಲಿಗೆ ಬಂದ ಉದ್ಯೋಗಗಳು. ಮೊದಲಿನೆರಡನ್ನು ಹೇಗೋ ನಿಭಾಯಿಸಿದೆ. ಮೂರನೆಯದಕ್ಕೆ ಮೋಟಾರು ಬೇಕಾಯಿತು.

ಲೈಸೆನ್ಸು ನನ್ನಲ್ಲಿಲ್ಲದಿರಲಿಲ್ಲ. ಅದು ಬಂದ ಬಗೆಯನ್ನು ವಾಚಕರಲ್ಲಿ ಮುಚ್ಚಿಡುವುದು ನ್ಯಾಯವಲ್ಲ. ಎಂಟು ವರ್ಷಗಳ ಹಿಂದೆ, ನಮ್ಮ ಕಡೆಯ ಊರೊಂದರಲ್ಲಿ, ಒಂದು ಮಧ್ಯಾಹ್ನ ಅದು ನನ್ನ ಕೈಸೇರಿತು. ಕಲಿಸಿದಾತ ಪಕ್ಕದಲ್ಲಿಯೇ ಕುಳಿತಿದ್ದ. ಅವನ ಕಾಲಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಗಾಡಿ ನೂರು ಗಜ ಮುಂದೆ ಹೋಯಿತು, ಹತ್ತು ಗಜ ಹಿಂದೆ ಬಂತು. ನಡೆಸಿದವನು ನಾನೋ ಅವನೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಸಾಹೇಬರು ಸಹಿ ಹಾಕಿದರು. ಮನೆಯಲ್ಲಿ ಪಾಯಸವಾಯಿತು.

ಹನ್ನೆರಡು ತಿಂಗಳ ವಾಯಿದೆ

ಹೊಸದಾಗಿ ಬ್ರಿಟನ್ನಿನಲ್ಲಿ ನೆಲೆಸಿದವನು ಭಾರತದ ಲೈಸೆನ್ಸಿನ ಮೇಲೆ ಹನ್ನೆರಡು ತಿಂಗಳು ಮೋಟಾರು ನಡೆಸಬಹುದು. ಆ ಬಳಿಕ ಅದಕ್ಕೆ ಬೆಲೆಯಿಲ್ಲ. ಆಸ್ಟ್ರೇಲಿಯ, ಜಪಾನ್, ಸಿಂಗಪುರ ಮೊದಲಾದ ಕೆಲವು ದೇಶಗಳವರು ತಮ್ಮ ಲೈಸೆನ್ಸನ್ನು ಕೊಟ್ಟು ಅಲ್ಲಿಯದನ್ನು ಪಡೆಯಬಹುದು. ಆ ಪಟ್ಟಿಯಲ್ಲಿ ನಮ್ಮ ದೇಶವಿಲ್ಲ. ನಾವು ಓನಾಮದಿಂದ ಆರಂಭಿಸಬೇಕು. ಇದು ನನಗೆ ಮೊದಲು ಅವಮಾನವೆಂದೇ ತೋರಿತು. ನನ್ನ ಲೈಸೆನ್ಸು ಬಂದ ಬಗೆಯನ್ನು ನೆನೆದಾಗ ಅವಮಾನ ಸ್ವಲ್ಪ ಇಳಿಯಿತು.

ಮೊದಲು ಕಲಿಕೆಯ ಲೈಸೆನ್ಸು. ಮೂವತ್ತನಾಲ್ಕು ಪೌಂಡು ತೆತ್ತರೆ ಹಸುರು ಬಣ್ಣದ ಚೀಟಿ ಅಂಚೆಯಲ್ಲಿ ಮನೆಗೆ ಬರುತ್ತದೆ. ಪರೀಕ್ಷೆಯಲ್ಲಿ ಗೆದ್ದವನದು ನಸುಗೆಂಪು ಬಣ್ಣ. ಹಸುರಿನಿಂದ ಕೆಂಪಿಗೆ ಹೋಗುವ ದಾರಿಯಲ್ಲಿ ಎರಡು ಗಂಡಾಂತರಗಳಿವೆ.

ಮೊದಲನೆಯದು ತಿಳಿವಳಿಕೆಯ ಪರೀಕ್ಷೆ. ಐವತ್ತು ಪ್ರಶ್ನೆಗಳು, ಐವತ್ತೇಳು ನಿಮಿಷಗಳು; ನಲವತ್ತಮೂರು ಉತ್ತರ ಸರಿಯಾಗಿರಬೇಕು. ನಮ್ಮ ಹುಡುಗರಿಗೆ ಮೂವತ್ತೈದು ಅಂಕಕ್ಕೆ ಪಾಸು ಕೊಟ್ಟು ಅಭ್ಯಾಸವಾದ ನನಗೆ ಎದೆ ಧಸಕ್ಕೆಂದಿತು. ಗಂಡು ಮಗನಿಗೆ ಗಾಯತ್ರಿ ಹೇಳಿಕೊಡುವಂತೆ ಹೆಂಡತಿ ನನಗೆ ದಿನವೂ ‘ಹೈವೇ ಕೋಡ್’ ಬಾಯಿಪಾಠ ಮಾಡಿಸಿದಳು. ೧೯೩೧ರಲ್ಲಿ ಮೊದಲು ಅಚ್ಚಾದ ಈ ಪುಸ್ತಕ ಆ ದೇಶದ ರಸ್ತೆಯ ಧರ್ಮಶಾಸ್ತ್ರ. ಊರೊಳಗೆ ರಾತ್ರಿ ಹನ್ನೊಂದೂವರೆಯಿಂದ ಬೆಳಿಗ್ಗೆ ಏಳರವರೆಗೆ ಮೋಟಾರು ನಡೆಸುವವನು ಹಾರನ್ನು ಒತ್ತಕೂಡದು ಎಂಬ ನಿಯಮವನ್ನು ಓದಿ, ನಮ್ಮ ಬೀದಿಯನ್ನು ನೆನೆದು, ಇಬ್ಬರೂ ನಕ್ಕೆವು.

ಇದೇ ಪರೀಕ್ಷೆಯಲ್ಲಿ ಇನ್ನೊಂದು ಭಾಗವಿದೆ. ಅದನ್ನು ಅಪಾಯದ ಮುನ್ನರಿವು ಎನ್ನಬಹುದು. ತೆರೆಯ ಮೇಲೆ ಹದಿನಾಲ್ಕು ಚಿಕ್ಕ ಚಿತ್ರಗಳು ಓಡುತ್ತವೆ. ನಾವೇ ಮೋಟಾರಿನಲ್ಲಿ ಕುಳಿತು ರಸ್ತೆಯನ್ನು ನೋಡಿದ ಹಾಗೆ. ನಿಂತ ವ್ಯಾನಿನ ಹಿಂದಿನಿಂದ ಒಂದು ಮಗು ಹೊರಬರಬಹುದು, ಸೈಕಲ್ಲಿನವನು ಪಕ್ಕಕ್ಕೆ ವಾಲಬಹುದು. ಅಪಾಯ ಮೂಡತೊಡಗಿದ ಕ್ಷಣದಲ್ಲಿಯೇ ಗುಂಡಿಯನ್ನು ಒತ್ತಬೇಕು. ಬೇಗ ಕಂಡವನಿಗೆ ಐದು ಅಂಕ. ತಡಮಾಡಿದಂತೆಲ್ಲ ನಾಲ್ಕು, ಮೂರು, ಎರಡು. ತೀರ ತಡವಾದರೆ ಸೊನ್ನೆ. ಸಿಕ್ಕಲ್ಲೆಲ್ಲ ಒತ್ತಿದರೂ ಸೊನ್ನೆಯೇ. ಒಟ್ಟು ಎಪ್ಪತ್ತೈದಕ್ಕೆ ನಲವತ್ತನಾಲ್ಕು ಬರಬೇಕು. ಎರಡು ಭಾಗಗಳಲ್ಲಿಯೂ ಗೆದ್ದೆ. ೨೦೨೩ರ ಜೂನ್ ತಿಂಗಳಲ್ಲಿ ನಮ್ಮ ಮನೆಯಲ್ಲಿ ಮತ್ತೆ ಪಾಯಸವಾಯಿತು. ಅದು ಸ್ವಲ್ಪ ಅವಸರದ ಪಾಯಸ.

ಗುರುವೂ ಶಿಷ್ಯನೂ

ರಸ್ತೆಯ ಪರೀಕ್ಷೆಗೆ ಒಬ್ಬ ಗುರುವನ್ನು ಹುಡುಕಿದೆ. ಆತ ಅರುವತ್ತು ದಾಟಿದ ಗುಜರಾತಿ ಹಿರಿಯರು. ೧೯೭೨ರಲ್ಲಿ ಇದಿ ಅಮೀನನು ಉಗಾಂಡದಿಂದ ಏಷ್ಯದವರನ್ನು ಹೊರದಬ್ಬಿದಾಗ, ತಂದೆಯೊಡನೆ ಒಂದು ಪೆಟ್ಟಿಗೆ ಹಿಡಿದು ಲೆಸ್ಟರಿಗೆ ಬಂದಿಳಿದ ಹುಡುಗ. ಆಗ ಅಲ್ಲಿಗೆ ಬಂದು ನೆಲೆಸಿದ ಅಂಥ ಕುಟುಂಬಗಳು ಸಾವಿರಾರು. “ನಮ್ಮ ತಂದೆಗೆ ಕಂಪಾಲದಲ್ಲಿ ಎರಡು ಮೋಟಾರುಗಳಿದ್ದವು. ಇಲ್ಲಿ ಐವತ್ತನೆಯ ವಯಸ್ಸಿನಲ್ಲಿ ಎಲ್ ಫಲಕ ಕಟ್ಟಿಕೊಂಡು ಕಲಿತರು. ನಾಚಿಕೆಪಟ್ಟವರು ನಾವು ಮಕ್ಕಳು, ಅವರಲ್ಲ” ಎಂದರು. ಆ ಮಾತಿನ ನಂತರ ನಾನೂ ನಾಚಿಕೆಯನ್ನು ಬಿಟ್ಟೆ.

ಅಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರವೇ. ಆದ್ದರಿಂದ ಕಷ್ಟವಿರದು ಎಂದುಕೊಂಡಿದ್ದೆ. ಕೈಕಾಲುಗಳಿಗೆ ಕಷ್ಟವಿರಲಿಲ್ಲ, ಕಷ್ಟವಿದ್ದದ್ದು ಕಣ್ಣಿಗೆ. ಮೊದಲು ಕನ್ನಡಿ, ಆಮೇಲೆ ಸಂಜ್ಞೆ, ಅನಂತರ ಚಲನೆ ಎಂಬುದು ಗುರುಗಳ ಮಂತ್ರ. ವೃತ್ತಕ್ಕೆ ಬಂದಾಗ ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕು. ನಾನೋ ಧೈರ್ಯವಿದ್ದವನಿಗೆ ದಾರಿ ಎಂಬ ಸಂಪ್ರದಾಯದಲ್ಲಿ ಬೆಳೆದವನು.

ಪರೀಕ್ಷೆಯ ಇತಿಹಾಸವನ್ನು ಹೇಳಿದವರೂ ಅವರೇ. ಆಮೇಲೆ ನಾನೂ ಗ್ರಂಥಾಲಯದಲ್ಲಿ ಓದಿ ನೋಡಿದೆ. ೧೯೦೪ರಿಂದಲೇ ಆ ದೇಶದಲ್ಲಿ ಲೈಸೆನ್ಸು ಇದ್ದಿತಾದರೂ ಐದು ಷಿಲಿಂಗು ತೆತ್ತವನಿಗೆಲ್ಲ ಅದು ಸಿಗುತ್ತಿತ್ತು. ೧೯೩೪ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು ೭,೩೪೩ ಮಂದಿ. ಆಗ ಅಲ್ಲಿದ್ದ ವಾಹನಗಳು ಇಪ್ಪತ್ತೈದು ಲಕ್ಷಕ್ಕಿಂತ ಕಡಿಮೆ. ಸಾರಿಗೆಯ ಮಂತ್ರಿಯಾಗಿದ್ದ ಲೆಸ್ಲಿ ಹೋರ್-ಬೆಲಿಷ ಎಂಬಾತ, ನಡೆದು ದಾಟುವವರ ಜಾಗಗಳಲ್ಲಿ ಪಟ್ಟೆಪಟ್ಟೆಯ ಕಂಬ ನೆಡಿಸಿ, ಮೇಲೆ ಕಿತ್ತಳೆಯಂಥ ಗೋಲವನ್ನಿರಿಸಿದ. ಇಂದಿಗೂ ಅವಕ್ಕೆ ಅವನದೇ ಹೆಸರು. ೧೯೩೫ರ ಜೂನ್ ೧ರಿಂದ ಹೊಸ ಚಾಲಕರಿಗೆ ಪರೀಕ್ಷೆ ಕಡ್ಡಾಯವಾಯಿತು. ಆಗ ಪರೀಕ್ಷಾ ಕೇಂದ್ರಗಳೂ ಇರಲಿಲ್ಲ. ಪರೀಕ್ಷಕನು ರೈಲು ನಿಲ್ದಾಣದ ಬಳಿಯೋ ಪುರಭವನದ ಮುಂದೆಯೋ ಅಭ್ಯರ್ಥಿಗಾಗಿ ಕಾಯುತ್ತಿದ್ದನಂತೆ. ಈಗ ಆ ದೇಶದಲ್ಲಿ ವಾಹನಗಳು ನಾಲ್ಕು ಕೋಟಿ. ೨೦೨೩ರಲ್ಲಿ ಸತ್ತವರು ಸುಮಾರು ೧,೬೦೦. ನಮ್ಮ ದೇಶದಲ್ಲಿ ೨೦೨೨ರ ಒಂದೇ ವರ್ಷ ರಸ್ತೆಗಳಲ್ಲಿ ಸತ್ತವರ ಸಂಖ್ಯೆ ೧,೬೮,೪೯೧. ರಸ್ತೆ, ಆಸ್ಪತ್ರೆ, ವಾಹನಗಳ ರಚನೆ ಹೀಗೆ ಇದಕ್ಕೆ ಕಾರಣಗಳು ಹಲವು. ಪರೀಕ್ಷೆಯೂ ಅವುಗಳಲ್ಲೊಂದು.

ಒಂದು ಹೆಜ್ಜೆ

ಆಗಸ್ಟಿನಲ್ಲಿ ನನ್ನ ಪರೀಕ್ಷೆ. ಮೊದಲು ಇಪ್ಪತ್ತು ಮೀಟರು ದೂರದ ಮೋಟಾರಿನ ನಂಬರನ್ನು ಓದಿಸಿದರು. ಆಮೇಲೆ ನಲವತ್ತು ನಿಮಿಷಗಳ ಸಂಚಾರ. ಸಣ್ಣ ತಪ್ಪುಗಳು ಹದಿನೈದರವರೆಗೆ ಕ್ಷಮ್ಯ. ಗಂಭೀರವಾದ ತಪ್ಪು ಒಂದಾದರೂ ಸೋಲೇ. ಮೂವತ್ತು ನಿಮಿಷ ಎಲ್ಲವೂ ಸುಗಮವಾಗಿ ಸಾಗಿತು. ಪಕ್ಕದಲ್ಲಿ ಕುಳಿತ ಪರೀಕ್ಷಕರ ಮುಖದಲ್ಲಿ ಕೋಪವಿಲ್ಲ, ನಗುವಿಲ್ಲ. ನಾನು ಪರೀಕ್ಷಾ ಕೊಠಡಿಯಲ್ಲಿ ಹೀಗೆಯೇ ಕಾಣುತ್ತಿದ್ದೆನೇನೋ.

ಅಂಗಡಿಗಳ ಸಾಲಿನ ಮುಂದೆ ದಾಟುವ ಪಟ್ಟೆಗಳು ಬಂದವು. ಕಿತ್ತಳೆಯ ದೀಪ ಮಿನುಗುತ್ತಿತ್ತು. ರಸ್ತೆಯ ಅಂಚಿನಲ್ಲಿ ಒಬ್ಬ ಮುದುಕಿ, ಕೈಯಲ್ಲಿ ಗಾಲಿಯ ಚೀಲ. ನಾನು ಆಕೆಯನ್ನು ಕಾಣಲಿಲ್ಲವೆಂದಲ್ಲ, ಕಂಡೆ. ಆಕೆ ನಿಲ್ಲುತ್ತಾಳೆ ಎಂದುಕೊಂಡೆ. ಮೋಟಾರು ಬರುವಾಗ ಮುದುಕಿಯರು ನಿಲ್ಲುತ್ತಾರೆ. ಇದು ನಾನು ಹುಟ್ಟಿದಂದಿನಿಂದ ಕಂಡ ಲೋಕದ ನಿಯಮ. ಕಾಲು ಬ್ರೇಕಿನ ಕಡೆಗೆ ಹೋಗಲಿಲ್ಲ. ಆಕೆ ನಂಬಿಕೆಯಿಂದ ಒಂದು ಹೆಜ್ಜೆ ಇಟ್ಟಳು. ಪರೀಕ್ಷಕರ ಕಾಲು ಅವರ ಬ್ರೇಕನ್ನು ಒತ್ತಿತು. ಮೋಟಾರು ಗಕ್ಕನೆ ನಿಂತಿತು.

ಮುದುಕಿ ನಮ್ಮ ಕಡೆ ನೋಡಿ, ನಿಂತದ್ದಕ್ಕೆ ಕೈಯೆತ್ತಿ ವಂದಿಸಿ, ಚೀಲವನ್ನು ಎಳೆಯುತ್ತ ದಾಟಿದಳು. ಆ ವಂದನೆಯನ್ನು ನಾನು ಮರೆಯಲಾರೆ.

ಕೇಂದ್ರಕ್ಕೆ ಮರಳಿದ ಮೇಲೆ ಪರೀಕ್ಷಕರು ಮೆಲ್ಲನೆ ಹೇಳಿದರು: “ನೀವು ಗೆಲ್ಲಲಿಲ್ಲ. ಉಳಿದ ತಪ್ಪುಗಳು ನಾಲ್ಕೇ. ಆಕೆ ನಿಮಗೆ ಕಂಡಿದ್ದಳೇ?” “ಕಂಡಿದ್ದಳು” ಎಂದೆ. ಅವರು ಮತ್ತೇನನ್ನೂ ಕೇಳಲಿಲ್ಲ.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ, ಸೋಲಿಗಾಗಿ ಅಲ್ಲ. ೨೦೨೧ರಲ್ಲಿ ಮೈಸೂರಿನ ಸರಸ್ವತೀಪುರದಲ್ಲಿ ಹಾಲು ತರಲು ಹೋದ ನನ್ನ ತಾಯಿಗೆ ಒಂದು ಮೋಟಾರು ತಗುಲಿತ್ತು. ಆಕೆ ಬಿದ್ದು ಸೊಂಟದ ಮೂಳೆ ಮುರಿಯಿತು. ಅಂದಿನಿಂದ ಊರುಗೋಲು. ನಡೆಸುತ್ತಿದ್ದವನು ಇಳಿದು ಬಂದು, “ನೋಡಿಕೊಂಡು ದಾಟಬಾರದೇ, ಅಜ್ಜಿ?” ಎಂದು ಹೇಳಿ ಹೋದನಂತೆ. ಆ ಮನುಷ್ಯನನ್ನು ನಾನು ಎರಡು ವರ್ಷ ಮನಸ್ಸಿನಲ್ಲಿಯೇ ಬೈದಿದ್ದೆ. ಅವನಿಗೂ ನನ್ನ ತಾಯಿ ಕಂಡಿದ್ದಳು. ಆಕೆ ನಿಲ್ಲುತ್ತಾಳೆ ಎಂದು ಅವನೂ ಎಣಿಸಿದ್ದನು. ಅವನ ಪಕ್ಕದಲ್ಲಿ ಇನ್ನೊಂದು ಬ್ರೇಕು ಇರಲಿಲ್ಲ, ಅಷ್ಟೇ.

ನಸುಗೆಂಪು ಚೀಟಿ

ಸೆಪ್ಟೆಂಬರಿಗೆ ಹನ್ನೆರಡು ತಿಂಗಳ ವಾಯಿದೆ ಮುಗಿಯಿತು. ಮೋಟಾರು ಬಾಗಿಲಲ್ಲಿ ನಿಂತಿತು. ಮತ್ತೊಂದು ಪರೀಕ್ಷೆಗೆ ದಿನ ಸಿಕ್ಕಿದ್ದು ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಹೆಂಡತಿ ರಾತ್ರಿಯೆಲ್ಲ ರೋಗಿಗಳ ಬಳಿ ನಿಂತು, ಬೆಳಿಗ್ಗೆ ಚಳಿಯಲ್ಲಿ ಎರಡು ಬಸ್ಸು ಬದಲಾಯಿಸಿ ಮನೆಗೆ ಬಂದಳು. ಒಂದು ದಿನವೂ ದೂರಲಿಲ್ಲ. ಗುರುಗಳು ಪ್ರತಿ ಶನಿವಾರವೂ ನನ್ನನ್ನು ಶಾಲೆಗಳ, ಅಂಗಡಿಗಳ ಬೀದಿಯಲ್ಲಿಯೇ ತಿರುಗಿಸಿದರು. “ಮೋಟಾರನ್ನು ನೋಡಬೇಡಿ, ಮನುಷ್ಯರನ್ನು ನೋಡಿ” ಎಂಬುದೊಂದೇ ಅವರ ಪಾಠ.

ಡಿಸೆಂಬರಿನ ಪರೀಕ್ಷೆಯಲ್ಲಿ ಆರು ಸಣ್ಣ ತಪ್ಪುಗಳೊಡನೆ ಗೆದ್ದೆ. ಆ ದೇಶದಲ್ಲಿ ಈಚಿನ ವರ್ಷಗಳಲ್ಲಿ ರಸ್ತೆಯ ಪರೀಕ್ಷೆಗೆ ಹೋದವರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಮಂದಿ ಮಾತ್ರ ಗೆದ್ದಿದ್ದಾರೆ. ಆದ್ದರಿಂದ ಸೋತವರು ಎದೆಗುಂದಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತೆ. ಹೆಂಡತಿ ಬಂದು ಕುಳಿತಳು; ಎರಡು ಬೀದಿ ದಾಟುವಷ್ಟರಲ್ಲಿ ನಿದ್ರೆ ಹೋದಳು. ನನಗೆ ಸಿಕ್ಕ ಪ್ರಶಸ್ತಿಪತ್ರಗಳಲ್ಲಿ ಆ ನಿದ್ರೆಯೇ ದೊಡ್ಡದು.

ಹೊರದೇಶಕ್ಕೆ ಹೊರಟ ಮಕ್ಕಳುಳ್ಳ ವಾಚಕರಿಗೆ ಒಂದು ಮಾತು. ಅಲ್ಲಿಯ ನಿಯಮವನ್ನು ಹೋಗುವ ಮೊದಲೇ ಓದಲಿ; ವಾಯಿದೆಯ ಕೊನೆಯ ತಿಂಗಳವರೆಗೆ ಕಾಯದಿರಲಿ, ಪರೀಕ್ಷೆಯ ದಿನ ಸಿಗುವುದೇ ಕಷ್ಟ. ಎಲ್ಲಕ್ಕಿಂತ ಮಿಗಿಲಾಗಿ, ಇಲ್ಲಿಯೇ ಸರಿಯಾಗಿ ಕಲಿತು ಹೋಗಲಿ. ದಾಟುವ ಪಟ್ಟೆಯ ಮೇಲೆ ನಡೆಯುವವನಿಗೇ ಮೊದಲ ಹಕ್ಕೆಂದು ೨೦೧೭ರಲ್ಲಿ ಬಂದ ನಮ್ಮ ಚಾಲನಾ ನಿಯಮಗಳೂ ಹೇಳುತ್ತವೆ. ನಿಯಮವಿಲ್ಲದ ದೇಶ ನಮ್ಮದಲ್ಲ.

ರಜೆ ಮುಗಿಸಿ ನಾವು ಮೈಸೂರಿಗೆ ಮರಳಿದೆವು. ಮೊನ್ನೆ ತಾಯಿಯನ್ನು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯುತ್ತಿದ್ದೆ. ಅಳಿಸಿಹೋದ ಬಿಳಿಯ ಪಟ್ಟೆಗಳ ಅಂಚಿನಲ್ಲಿ ಒಬ್ಬ ಮುದುಕರು ನಿಂತಿದ್ದರು. ನಾನು ಮೋಟಾರನ್ನು ನಿಲ್ಲಿಸಿದೆ. ಹಿಂದೆ ಹಾರನ್ನುಗಳು ಮೊರೆದವು. ಮುದುಕರು ನಂಬದೆ, ಹೋಗು ಹೋಗು ಎಂದು ನನಗೇ ಕೈಸನ್ನೆ ಮಾಡಿದರು. ನಾನು ತಲೆಯಾಡಿಸಿ ಕಾದೆ.

“ಏಕೋ ನಿಂತೆ? ಹಿಂದಿನವರು ಬೈಯುತ್ತಿದ್ದಾರಲ್ಲೋ!” ಎಂದಳು ತಾಯಿ.

“ಅವರು ದಾಟಲಿ, ಅಮ್ಮ” ಎಂದೆ.

ಆಕೆ ಆ ಮುದುಕರನ್ನು ನೋಡಿದಳು; ಆಮೇಲೆ ನನ್ನನ್ನು ನೋಡಿದಳು. ಮಡಿಲಲ್ಲಿದ್ದ ಊರುಗೋಲನ್ನು ನೆಟ್ಟಗೆ ಮಾಡಿಕೊಂಡು, “ಹೌದು, ದಾಟಲಿ” ಎಂದಳು.