ತೀವ್ರ ರಕ್ತಕ್ಯಾನ್ಸರೂ ವರ್ಣತಂತುಗಳೂ

ಮನುಷ್ಯನ ದೇಹದ ಬಹುತೇಕ ಜೀವಕೋಶಗಳಲ್ಲಿ 46 ವರ್ಣತಂತುಗಳಿವೆ. ಕೋಶವು ಹೇಗೆ ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬ ವಿಧಿನಿಯಮಗಳೆಲ್ಲ ಅವುಗಳ ಮೇಲಿನ ಜೀನುಗಳಲ್ಲಿ ಅಡಗಿವೆ. ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುವಾಗ ಈ ವ್ಯವಸ್ಥೆ ಕೆಟ್ಟರೆ ಬಲಿಯದ ಬಿಳಿಯ ಕಣಗಳು ಮಿತಿಮೀರಿ ಹೆಚ್ಚುತ್ತವೆ. ರೋಗವು ಬೇಗನೆ ಉಲ್ಬಣಿಸಿದರೆ ಅದನ್ನು ತೀವ್ರ ಲ್ಯುಕೀಮಿಯ ಎನ್ನುವರು. ಒಂದೇ ಹೆಸರಿನ ಈ ರೋಗ ಒಬ್ಬರಲ್ಲಿ ಚಿಕಿತ್ಸೆಗೆ ಮಣಿಯುತ್ತದೆ, ಇನ್ನೊಬ್ಬರಲ್ಲಿ ಮಣಿಯದು. ಕಾರಣದ ದೊಡ್ಡ ಪಾಲು ವರ್ಣತಂತುಗಳಲ್ಲಿದೆ.

ಮಂಡ್ಯಕ್ಕೂ ಪಾಂಡವಪುರಕ್ಕೂ ನಡುವಣ ಯಲಿಯೂರು ನಿಲ್ದಾಣದಲ್ಲಿ ಬೆಂಗಳೂರಿಗೆ ಹೋಗುವ ಒಂದು ರೈಲೂ ಮೈಸೂರಿಗೆ ಹೋಗುವ ಇನ್ನೊಂದೂ ನಿಂತಿವೆಯೆಂದು ಭಾವಿಸೋಣ. ಎರಡರ ಹಿಂದಿನ ಡಬ್ಬಿಗಳನ್ನು ಕಳಚಿ ಅದಲುಬದಲಾಗಿ ಜೋಡಿಸಿದರೆ ಡಬ್ಬಿಗಳ ಒಟ್ಟು ಸಂಖ್ಯೆ ಕಡಿಮೆಯಾಗದು; ಆದರೂ ಪ್ರಯಾಣಿಕರು ಬೇರೆ ಊರು ಸೇರುವರು. ಎರಡು ವರ್ಣತಂತುಗಳು ಮುರಿದು ತುಂಡುಗಳನ್ನು ವಿನಿಮಯ ಮಾಡಿಕೊಂಡಾಗ ಆಗುವುದೂ ಇದೇ. ಮುರಿದೆಡೆಯಲ್ಲಿ ಎರಡು ಜೀನುಗಳು ಬೆಸೆದು, ದೇಹಕ್ಕೆ ಅಪರಿಚಿತವಾದ ಪ್ರೋಟೀನು ತಯಾರಾಗುತ್ತದೆ. ಸಾಮಾನ್ಯವಾಗಿ ಈ ದೋಷ ತಂದೆತಾಯಿಗಳಿಂದ ಬಂದುದಲ್ಲ. ಮಜ್ಜೆಯ ಒಂದು ಕೋಶದಲ್ಲಿ ಆಮೇಲೆ ಉಂಟಾದುದು.

ಇದನ್ನು ಕಣ್ಣಿಗೆ ಕಾಣಿಸಿದುದರಲ್ಲಿ ಭೌತವಿಜ್ಞಾನಕ್ಕೂ ಪಾಲುಂಟು. ಕೆಲವು ವಸ್ತುಗಳು ಅತಿನೇರಳೆ ಕಿರಣಗಳನ್ನು ಹೀರಿ ಕಾಣುವ ಬೆಳಕನ್ನು ಹೊರಸೂಸುತ್ತವೆ. 1970ರ ಸುಮಾರಿಗೆ ಸ್ವೀಡನ್ನಿನ ಕ್ಯಾಸ್ಪರ್ಸನ್ ಮತ್ತು ಸಂಗಡಿಗರು ಕ್ವಿನಕ್ರಿನ್ ಜಾತಿಯ ಇಂಥ ಬಣ್ಣವನ್ನು ವರ್ಣತಂತುಗಳಿಗೆ ಹಚ್ಚಿದಾಗ, ಪ್ರತಿಯೊಂದರ ಮೇಲೂ ಅದರದೇ ಹೊಳೆಯುವ ಪಟ್ಟೆಗಳು ಕಂಡವು. ಅವುಗಳ ನೆರವಿನಿಂದ ಷಿಕಾಗೋದ ಜಾನೆಟ್ ರೌಲಿ 1973ರಲ್ಲಿ ತೀವ್ರ ಲ್ಯುಕೀಮಿಯದಲ್ಲಿ 8 ಮತ್ತು 21ನೆಯ ವರ್ಣತಂತುಗಳ ವಿನಿಮಯವನ್ನು ಗುರುತಿಸಿದರು.

ಈ ಗುರುತುಳ್ಳವರಲ್ಲಿ ಚಿಕಿತ್ಸೆ ಸಾಮಾನ್ಯವಾಗಿ ಚೆನ್ನಾಗಿ ಫಲಿಸುತ್ತದೆ. ಆದರೆ 6 ಮತ್ತು 9ನೆಯವುಗಳ ನಡುವೆ ವಿನಿಮಯವಾದರೆ, ಅಥವಾ 7ನೆಯದೊಂದು ಪೂರ್ತಿ ಕಳೆದುಹೋದರೆ, ರೋಗ ಮರುಕಳಿಸುವ ಭಯ ಹೆಚ್ಚು. ಇವು ವಿರಳ; ಮೊದಲನೆಯದು ಮಜ್ಜಾಜನ್ಯ ಬಗೆಯ ರೋಗಿಗಳಲ್ಲಿ ನೂರಕ್ಕೆ ಒಬ್ಬರಷ್ಟೇ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಬಗೆಯಲ್ಲಿ, ರೋಗಕೋಶದ ವರ್ಣತಂತುಗಳು 50ಕ್ಕೆ ಮೀರಿದ್ದರೆ ಅದು ಶುಭಲಕ್ಷಣ. 44ಕ್ಕಿಂತ ಕಡಿಮೆಯಾದರೆ ಅಶುಭ. ಅಶುಭಲಕ್ಷಣ ಕಂಡಲ್ಲಿ ವೈದ್ಯರು ಮಜ್ಜೆಯ ಕಸಿಯನ್ನು ಮೊದಲೇ ಆಲೋಚಿಸುವರು.

ಹಾಗೆಂದು ಈ ಗುರುತುಗಳನ್ನು ಹಣೆಬರಹವೆಂದು ತಿಳಿಯಬಾರದು. 15 ಮತ್ತು 17ನೆಯ ವರ್ಣತಂತುಗಳ ವಿನಿಮಯದಿಂದ ಬರುವ ಲ್ಯುಕೀಮಿಯವು ಹಿಂದೆ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ಕೊಲ್ಲುತ್ತಿತ್ತು. 1988ರಲ್ಲಿ ಷಾಂಗೈ ನಗರದ ವೈದ್ಯರು ಎ ಜೀವಸತ್ತ್ವದ ಸಂಬಂಧಿಯಾದ ಒಂದು ಆಮ್ಲವು ಈ ಕೋಶಗಳನ್ನು ಬಲಿಯುವಂತೆ ಮಾಡುವುದೆಂದು ವರದಿ ಮಾಡಿದರು. ಬಳಿಕ ವೈದ್ಯರ ನಿಗಾದಲ್ಲಿ ಕೊಡುವ ಆರ್ಸೆನಿಕ್ ಔಷಧವೂ ಅದರ ಜೊತೆಗೂಡಿತು. ಮೊದಲ ದಿನಗಳ ಅಪಾಯವನ್ನು ದಾಟಿದವರಲ್ಲಿ ಹೆಚ್ಚಿನವರು ಈಗ ಗುಣಹೊಂದುವರು. ವರ್ಣತಂತುಗಳ ವಿನಿಮಯ ಅದೇ. ಅದರ ಅರ್ಥ ಮಾತ್ರ ಔಷಧದಿಂದ ಬದಲಾಯಿತು.

ಆದುದರಿಂದ ಚಿಕಿತ್ಸೆಯ ಆರಂಭದಲ್ಲಿಯೇ ಮಜ್ಜೆಯ ವರ್ಣತಂತುಪರೀಕ್ಷೆ ಅಗತ್ಯ. ನಮ್ಮ ರಾಜ್ಯದಲ್ಲಿ, 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕೇಂದ್ರಗಳಲ್ಲಿ ಇದಕ್ಕೆ ಅನುಕೂಲವಿದೆ. ಬಿಡದ ಜ್ವರ, ಬಿಳಿಚಿದ ಮುಖ, ಒಸಡಿನ ರಕ್ತಸ್ರಾವ, ಕಾರಣವಿಲ್ಲದೆ ಮೂಡುವ ನೀಲಿ ಕಲೆಗಳು ಒಟ್ಟಿಗೆ ಕಂಡರೆ ಅಂದೇ ರಕ್ತಪರೀಕ್ಷೆ ಮಾಡಿಸಬೇಕು. ಗುಣವಾಗಬಲ್ಲ ರೋಗದಲ್ಲೂ ಕಳೆದುಹೋದ ದಿನಗಳು ಪ್ರಾಣಕ್ಕೆ ಕುತ್ತಾದಾವು.