ರಾತ್ರಿ ಎರಡು ಗಂಟೆಗೆ ಪಿಜಿ ಡಾಕ್ಟರ್ ಯಾರಿಗೆ ಫೋನ್ ಮಾಡ್ಬೇಕು?

ನಾನು ವೈದ್ಯೆ. ಒಂದು ಮೆಡಿಕಲ್ ಕಾಲೇಜಿನ ಜನರಲ್ ಮೆಡಿಸಿನ್ ವಿಭಾಗದಲ್ಲಿ ಪಾಠ ಮಾಡ್ತೀನಿ, ಪಿಜಿಗಳಿಗೆ ಗೈಡ್ ಆಗಿದ್ದೀನಿ. ಇವತ್ತಿನ ಪ್ರಶ್ನೆ ಇದು: ತಜ್ಞರಾಗಲು ಕಲಿಯುತ್ತಿರುವ ಡಾಕ್ಟರ ಕೆಲಸದ ಮೇಲೆ ಕಣ್ಣಿಡೋದು ಹೇಗೆ, ಅವರನ್ನ ಬೆಳೆಸೋದು ಹೇಗೆ?

ಇದು ಡಾಕ್ಟರುಗಳ ಒಳಮನೆ ವಿಷಯ, ನಮಗ್ಯಾಕೆ ಅಂತ ನಿಮಗೆ ಅನ್ನಿಸಬಹುದು. ಆದರೆ ಯೋಚಿಸಿ. ಅಜ್ಜಿಗೆ ಉಸಿರಾಟ ಕಷ್ಟ ಆಯ್ತು ಅಂತ ರಾತ್ರಿ ಹೊತ್ತು ಮೆಡಿಕಲ್ ಕಾಲೇಜ್ ಆಸ್ಪತ್ರೆಗೆ ಓಡ್ತೀರಿ. ಕ್ಯಾಶುಯಾಲ್ಟಿಯಲ್ಲಿ ಮೊದಲು ಅಜ್ಜಿಯ ಕೈ ಹಿಡಿದು ನೋಡೋರು ಯಾರು? ಬಹುತೇಕ ಒಬ್ಬ ಪಿಜಿ. ಎಂಬಿಬಿಎಸ್ ಮುಗಿಸಿ, ನೀಟ್-ಪಿಜಿ ಬರೆದು, ಮೂರು ವರ್ಷದ ಎಂಡಿ ಅಥವಾ ಎಂಎಸ್ ಮಾಡ್ತಿರೋರು. ಅವರು ವಿದ್ಯಾರ್ಥಿ ಹೌದು, ನೋಂದಾಯಿತ ವೈದ್ಯರೂ ಹೌದು. ಕಲಿಯೋದೂ ಚಿಕಿತ್ಸೆ ಕೊಡೋದೂ ಒಂದೇ ಬೆಡ್ಡಿನ ಪಕ್ಕ, ಒಂದೇ ಹೊತ್ತಿನಲ್ಲಿ.

ಹಾಗಾದ್ರೆ ಅವರ ಹಿಂದೆ ಯಾರಿದ್ದಾರೆ? ನಮ್ಮ ಆಸ್ಪತ್ರೆಗಳಲ್ಲಿ 'ಯೂನಿಟ್' ಅಂತ ಇರುತ್ತೆ. ಕೆಳಗಿನ ಮೆಟ್ಟಿಲಲ್ಲಿ ಫಸ್ಟ್ ಇಯರ್ ಪಿಜಿ, ಮೇಲೆ ಸೆಕೆಂಡ್ ಇಯರ್, ಥರ್ಡ್ ಇಯರ್, ಆಮೇಲೆ ಸೀನಿಯರ್ ರೆಸಿಡೆಂಟ್, ಅಸಿಸ್ಟೆಂಟ್ ಪ್ರೊಫೆಸರ್, ತುದಿಯಲ್ಲಿ ಯೂನಿಟ್ ಚೀಫ್. ಇದರ ಜೊತೆಗೆ ಪ್ರತಿ ಪಿಜಿಗೂ ಥೀಸಿಸ್ ಮಾಡಿಸೋಕೆ ಒಬ್ಬ ಗೈಡ್. ಕಾಗದದ ಮೇಲೆ ಮೆಟ್ಟಿಲುಗಳಿಗೆ ಕೊರತೆಯಿಲ್ಲ. ಆದರೆ ಆ ಏಣಿ ರಾತ್ರಿ ಎರಡು ಗಂಟೆಗೂ ನಿಂತಿರುತ್ತಾ ಅನ್ನೋದೇ ಪ್ರಶ್ನೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 'ರೆಸಿಡೆಂಟ್' ಅಂದ್ರೆ ವಾಸ ಮಾಡೋನು. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾಯಿತು. ಅಲ್ಲಿ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಕಟ್ಟಿದ ತರಬೇತಿಯಲ್ಲಿ ಯುವ ವೈದ್ಯರು ನಿಜವಾಗಿಯೂ ಆಸ್ಪತ್ರೆಯಲ್ಲೇ ವಾಸವಿರುತ್ತಿದ್ದರು. ಜವಾಬ್ದಾರಿಯನ್ನು ಹಂತ ಹಂತವಾಗಿ ಕೊಡುತ್ತಾ ಹೋಗಬೇಕು ಅನ್ನೋ ಒಳ್ಳೆಯ ಯೋಚನೆ ಅಲ್ಲಿಂದ ಬಂತು. ಹಗಲು-ರಾತ್ರಿ ಅನ್ನದೆ ದುಡಿಯೋದೇ ಕಲಿಕೆ ಅನ್ನೋ ಅಭ್ಯಾಸವೂ ಅದೇ ಬಾಗಿಲಿನಿಂದ ಒಳಗೆ ಬಂತು.

ಆ ಅಭ್ಯಾಸವನ್ನ ಜಗತ್ತು ಪ್ರಶ್ನಿಸಿದ್ದು ಒಂದು ಸಾವಿನಿಂದ. 1984ರ ಮಾರ್ಚ್‌ನಲ್ಲಿ, 18 ವರ್ಷದ ಲಿಬ್ಬಿ ಜಯಾನ್ ಅನ್ನೋ ಕಾಲೇಜು ಹುಡುಗಿ ಜ್ವರ ಅಂತ ನ್ಯೂಯಾರ್ಕ್‌ನ ಆಸ್ಪತ್ರೆಗೆ ದಾಖಲಾದಳು. ರಾತ್ರಿ ನೋಡಿಕೊಂಡವರು ತರಬೇತಿಯಲ್ಲಿದ್ದ ಇಬ್ಬರು ಯುವ ವೈದ್ಯರು. ಹಿರಿಯ ವೈದ್ಯರ ಜೊತೆ ಮಾತು ನಡೆದದ್ದು ಫೋನಿನಲ್ಲಿ. ಬೆಳಗಾಗುವಷ್ಟರಲ್ಲಿ ಹುಡುಗಿ ತೀರಿಕೊಂಡಳು. ಸಾವಿನ ಕಾರಣದ ಬಗ್ಗೆ ಕೋರ್ಟಿನಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಅವಳ ತಂದೆ ಪತ್ರಕರ್ತ, ವಿಷಯವನ್ನ ಬಿಡಲಿಲ್ಲ. ಡಾ. ಬರ್ಟ್ರಾಂಡ್ ಬೆಲ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತಿತು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ನಿಯಮ ಮಾಡಿತು: ರೆಸಿಡೆಂಟ್‌ಗಳಿಗೆ ವಾರಕ್ಕೆ 80 ಗಂಟೆಗಿಂತ ಹೆಚ್ಚು ಕೆಲಸ ಇಲ್ಲ. 2003ರಲ್ಲಿ ಅದು ಇಡೀ ಅಮೆರಿಕದ ತರಬೇತಿಗೆ ಬಂತು.

ಜನಕ್ಕೆ ನೆನಪಿರೋದು ಆ 80 ಗಂಟೆ. ಆದರೆ ಬೆಲ್ ಅವರು ಮತ್ತೆ ಮತ್ತೆ ಹೇಳಿದ್ದು ಬೇರೆ: ಗಂಟೆ ಎಣಿಸೋದಕ್ಕಿಂತ ಮುಖ್ಯ ಮೇಲ್ವಿಚಾರಣೆ. ಅನುಭವ ಇರೋ ವೈದ್ಯರು ಹತ್ತಿರ ಇರಬೇಕು. ಮುಂದೆ ಅಮೆರಿಕದ 117 ಸರ್ಜರಿ ತರಬೇತಿ ಕೇಂದ್ರಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆದು, 2016ರಲ್ಲಿ ಪ್ರಕಟವಾಯಿತು. ವಾರದ 80 ಗಂಟೆಯ ಮಿತಿ ಎಲ್ಲರಿಗೂ ಇತ್ತು, ಆದರೆ ಒಂದು ಗುಂಪಿಗೆ ಪಾಳಿಯ ಉದ್ದದಲ್ಲಿ ಸಡಿಲ ಕೊಟ್ಟಿದ್ದರು. ರೋಗಿಗಳ ಸಾವು ಅಥವಾ ಗಂಭೀರ ತೊಡಕುಗಳಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹಾಗಂತ ನಿದ್ದೆ ಬೇಡ ಅಂತಲ್ಲ. ಡ್ಯೂಟಿ ಚಾರ್ಟ್ ತಿದ್ದಿದ ಮಾತ್ರಕ್ಕೆ ರೋಗಿ ಸುರಕ್ಷಿತ ಆಗಲ್ಲ ಅಂತ ಅರ್ಥ.

ನಮ್ಮಲ್ಲಿ ಏನಿದೆ? 1992ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ರೆಸಿಡೆನ್ಸಿ ಆದೇಶದಲ್ಲಿ, ಒಂದೇ ಸಲ 12 ಗಂಟೆ ಮೀರಬಾರದು, ಜೂನಿಯರ್ ರೆಸಿಡೆಂಟ್‌ಗಳಿಗೆ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ ಅಂತ ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಗಳು ಸಂಖ್ಯೆ ಹೇಳಲ್ಲ, 'ಸಮಂಜಸವಾದ' ಕೆಲಸದ ಅವಧಿ ಅನ್ನುತ್ತವೆ. ಅದೇ ಆಯೋಗದ ಕಾರ್ಯಪಡೆ 2024ರಲ್ಲಿ ಶಿಫಾರಸು ಮಾಡಿದ್ದು ವಾರಕ್ಕೆ ಹೆಚ್ಚೆಂದರೆ 74 ಗಂಟೆ. ಲೆಕ್ಕ ಹಾಕಿ: 1992ರ ಕಾಗದಕ್ಕಿಂತ 26 ಗಂಟೆ ಜಾಸ್ತಿ. ಆ 74ನ್ನೇ ಕನಸು ಅಂತ ನಗೋ ಪಿಜಿಗಳು ಎಷ್ಟೋ ಜನ. ಕಾರ್ಯಪಡೆಯ ಸಮೀಕ್ಷೆಗೆ ಉತ್ತರಿಸಿದ ಪಿಜಿಗಳಲ್ಲಿ ಶೇ 31ರಷ್ಟು ಮಂದಿ, ಸಾಯುವ ಯೋಚನೆ ಬಂದಿದೆ ಅಂದಿದ್ದರು. ಹಾಗಾಗಿ ಇಲ್ಲಿ ರೋಗಿಯ ಜೀವದ ಜೊತೆಗೆ ಡಾಕ್ಟರ ಜೀವವೂ ಪಣಕ್ಕಿದೆ.

ಈಗ ಕಲಿಸೋದರ ಬಗ್ಗೆ. ಹಳ್ಳಿ ಬಾವಿಯಲ್ಲಿ ಈಜು ಕಲಿಸೋದನ್ನ ನೆನಪಿಸಿಕೊಳ್ಳಿ. ಮೊದಲು ಮೆಟ್ಟಿಲ ಮೇಲೆ ಕೂತು ನೋಡಬೇಕು. ಆಮೇಲೆ ಸೊಂಟಕ್ಕೆ ಸೋರೆಬುರುಡೆ ಕಟ್ಟಿ, ಹಗ್ಗ ಹಿಡಿದು ಇಳಿಸ್ತಾರೆ. ಕೈಕಾಲು ಬಡಿಯೋದು ಬಂದ ಹಾಗೆ ಹಗ್ಗ ಸಡಿಲ. ಒಂದು ದಿನ ಬುರುಡೆಯೂ ಬೇಡ. ನೆದರ್‌ಲ್ಯಾಂಡ್ಸ್‌ನ ವೈದ್ಯಕೀಯ ಶಿಕ್ಷಣ ತಜ್ಞ ಓಲೆ ಟೆನ್ ಕಾಟೆ 2005ರಲ್ಲಿ ಮುಂದಿಟ್ಟ ವಿಚಾರ, ಆಮೇಲೆ ಬೆಳೆದು ಬಂದ ರೂಪದಲ್ಲಿ, ಹೆಚ್ಚುಕಮ್ಮಿ ಇದೇ. ಐದು ಹಂತ: ಬರೀ ನೋಡು. ನಾನು ಪಕ್ಕದಲ್ಲಿದ್ದಾಗ ಮಾಡು. ನಾನು ಕರೆದರೆ ಬರುವಷ್ಟು ಹತ್ತಿರ ಇರ್ತೀನಿ, ಮಾಡು. ಒಬ್ಬನೇ ಮಾಡು. ಕೊನೆಗೆ, ಇನ್ನೊಬ್ಬರಿಗೆ ಮಾಡಿಸು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ನಂಬಿಕೆ ಇಡೋದು ವ್ಯಕ್ತಿಯ ಮೇಲೆ ಸಾರಾಸಗಟಾಗಿ ಅಲ್ಲ, ಒಂದೊಂದು ಕೆಲಸಕ್ಕೂ ಬೇರೆ ಬೇರೆ. ಹೊಟ್ಟೆಯಲ್ಲಿ ನೀರು ತುಂಬಿದ ರೋಗಿಗೆ ಸೂಜಿ ಹಾಕಿ ನೀರು ತೆಗೆಯೋದ್ರಲ್ಲಿ ಒಬ್ಬ ಪಿಜಿ ನಾಲ್ಕನೇ ಹಂತದಲ್ಲಿರಬಹುದು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಟ್ಯೂಬ್ ಹಾಕೋದ್ರಲ್ಲಿ ಅವರೇ ಎರಡನೇ ಹಂತ. 'ಸೆಕೆಂಡ್ ಇಯರ್ ಅಲ್ವಾ, ಮಾಡ್ಕೋತಾನೆ ಬಿಡು' ಅನ್ನೋದು ಮೇಲ್ವಿಚಾರಣೆ ಅಲ್ಲ. ಬಾವಿಗೆ ತಳ್ಳಿ ಈಜು ಕಲಿಸೋರೂ ಇದ್ದಾರೆ, ನಿಜ. ಆದರೆ ಬಾವಿಯಲ್ಲಿ ಮುಳುಗೋನು ಕಲಿಯೋ ಹುಡುಗ. ವಾರ್ಡಲ್ಲಿ ಮುಳುಗೋರು ರೋಗಿ.

ಹಗ್ಗ ಹಿಡಿದಿದ್ದೀವಾ ಅಂತ ಗೊತ್ತಾಗೋದು ರಾತ್ರಿ. ಹಾಗಾಗಿ ನನ್ನ ಪಾಲಿಗೆ ಒಳ್ಳೆಯ ಮೇಲ್ವಿಚಾರಣೆಯ ಅಳತೆಗೋಲು ಒಂದೇ: ಜೂನಿಯರ್ ಭಯ ಇಲ್ಲದೆ ಫೋನ್ ಮಾಡ್ತಾರಾ? ಭಯಕ್ಕೆ ಕಾರಣ ಇದೆ. ಥೀಸಿಸ್‌ಗೆ ಸಹಿ ಹಾಕೋದು ನಾವೇ, ಲಾಗ್ ಬುಕ್ ನೋಡೋದು ನಾವೇ, ರಜೆ ಕೊಡೋದೂ ನಾವೇ. ಅಂಥವರ ಮುಂದೆ 'ನನಗೆ ಗೊತ್ತಾಗ್ತಿಲ್ಲ' ಅನ್ನೋದು ಸುಲಭವಲ್ಲ. 'ಇಷ್ಟಕ್ಕೆಲ್ಲ ಫೋನ್ ಮಾಡ್ತೀಯಾ?' ಅಂತ ಒಂದು ಸಲ ಗದರಿದ್ರೆ ಸಾಕು, ಆ ಫೋನು ಮೂರು ವರ್ಷ ಬಾಯಿ ಬಿಡಲ್ಲ.

ಅದಕ್ಕೇ ಹೊಸ ಪಿಜಿಗಳು ಬಂದ ಮೊದಲ ವಾರವೇ ನಾನು ಒಂದು ಪಟ್ಟಿ ಕೊಡ್ತೀನಿ. ಬಿಪಿ ಇದ್ದಕ್ಕಿದ್ದ ಹಾಗೆ ಬಿದ್ದರೆ, ಐಸಿಯುಗೆ ಕಳಿಸಬೇಕು ಅನ್ನಿಸಿದರೆ, ಹೊಸ ಪ್ರೊಸೀಜರ್ ಮಾಡೋ ಮುಂಚೆ, ರೋಗಿ ತೀರಿಕೊಂಡರೆ, ಮನೆಯವರು ಹಟ ಮಾಡಿ ಡಿಸ್ಚಾರ್ಜ್ ಕೇಳಿದರೆ, ಫೋನ್ ಮಾಡಲೇಬೇಕು. ಪಟ್ಟಿಯಲ್ಲಿದ್ದರೆ ಫೋನ್ ಮಾಡೋದು ದಡ್ಡತನ ಅಲ್ಲ, ಡ್ಯೂಟಿ. ನರ್ಸ್ ಚಿಂತೆ ಮಾಡ್ತಿದ್ದಾರೆ ಅನ್ನೋದೂ ಆ ಪಟ್ಟಿಯಲ್ಲಿದೆ.

ಫೋನಿನಲ್ಲಿ ಹೇಳೋದಕ್ಕೂ ಒಂದು ಕ್ರಮ ಇದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದದ್ದು, ಹೆಸರು ಎಸ್‌ಬಿಎಆರ್. ಕನ್ನಡದಲ್ಲಿ ಹೇಳೋದಾದ್ರೆ: ಏನಾಗ್ತಿದೆ, ಹಿನ್ನೆಲೆ ಏನು, ನನಗೇನು ಅನ್ನಿಸ್ತಿದೆ, ನಿಮ್ಮಿಂದ ಏನು ಬೇಕು. ಉದಾಹರಣೆಗೆ: 'ಮೇಡಂ, ಫೀಮೇಲ್ ವಾರ್ಡ್ 12ನೇ ಬೆಡ್, ಬಿಪಿ 80 ಬೈ 50ಕ್ಕೆ ಇಳಿದಿದೆ. 60 ವರ್ಷ, ಶುಗರ್ ಇದೆ, ಎರಡು ದಿನದ ಹಿಂದೆ ಮೂತ್ರದ ಸೋಂಕಿಗೆ ಅಡ್ಮಿಟ್ ಆದವರು. ಸೋಂಕು ಮೈಯೆಲ್ಲ ಹರಡಿದೆ ಅನ್ಸುತ್ತೆ. ಫ್ಲೂಯಿಡ್ ಶುರು ಮಾಡಿದ್ದೀನಿ. ಐಸಿಯುಗೆ ಶಿಫ್ಟ್ ಮಾಡೋಣ ಅಂತಿದ್ದೀನಿ, ನೀವು ಬಂದು ನೋಡ್ತೀರಾ?' ಅರ್ಧ ನಿಮಿಷ ಸಾಕು. ಆ ಕಡೆಯವರ ಮೊದಲ ಮಾತು 'ಫೋನ್ ಮಾಡಿದ್ದು ಒಳ್ಳೇದಾಯ್ತು' ಅಂತ ಇರಬೇಕು.

ಬೆಳಗ್ಗೆ ರೌಂಡ್ಸ್‌ನಲ್ಲಿ ಮುಂದಿನ ಭಾಗ. ಬಿಡುವಿಲ್ಲದ ಕಡೆ ಕಲಿಸೋಕೆ 1992ರಲ್ಲಿ ಅಮೆರಿಕದ ಫ್ಯಾಮಿಲಿ ಡಾಕ್ಟರುಗಳು ಒಂದು ಐದು ಹೆಜ್ಜೆಯ ದಾರಿ ಹೇಳಿದರು. ಮೊದಲು ಅವರಿಂದಲೇ ಕೇಳಿ: ಏನು ಕಾಯಿಲೆ ಅನ್ಸುತ್ತೆ? ಯಾಕೆ ಹಾಗನ್ಸುತ್ತೆ? ಆಮೇಲೆ ನೆನಪಿಡುವಂಥ ಒಂದೇ ಒಂದು ಪಾಠ ಹೇಳಿ. ಸರಿ ಮಾಡಿದ್ದನ್ನ ಹೆಸರಿಟ್ಟು ಮೆಚ್ಚಿ. ತಪ್ಪಿದ್ದನ್ನ ತಿದ್ದಿ. ತಿದ್ದೋದು ರೋಗಿಯ ಮುಂದೆ ಬೇಡ, ಕಾರಿಡಾರ್‌ಗೆ ಬಂದ ಮೇಲೆ. 'ನೀನು ಉಪಯೋಗ ಇಲ್ಲ' ಅಂದ್ರೆ ಅವರು ಕಲಿಯೋದು ಏನೂ ಇಲ್ಲ. 'ಆಂಟಿಬಯಾಟಿಕ್‌ಗೆ ಮುಂಚೆ ಬ್ಲಡ್ ಕಲ್ಚರ್ ಕಳಿಸಬೇಕಿತ್ತು' ಅಂದ್ರೆ ನಾಳೆ ಕಳಿಸ್ತಾರೆ.

ಇದು ಕೆಲಸದ ಮೇಲಿನ ಕಣ್ಣು. ಬೆಳೆಸೋದು ಅಂದ್ರೆ ಮನುಷ್ಯನ ಮೇಲಿನ ಕಣ್ಣು. ಊಟ ಆಯ್ತಾ, ನಿದ್ದೆ ಆಯ್ತಾ, ಊರಿಗೆ ಹೋಗಿ ಎಷ್ಟು ದಿನ ಆಯ್ತು? ನಿಯಮದಲ್ಲಿರೋ ವರ್ಷದ 20 ದಿನ ರಜೆ ತಗೊಂಡ್ಯಾ? ಎರಡೂ ಒಬ್ಬರೇ ಮಾಡೋದು ಕಷ್ಟ. ಅಂಕ ಕೊಡೋರ ಹತ್ತಿರ ಅಳು ಹೇಳ್ಕೊಳ್ಳೋಕೆ ಆಗಲ್ಲ. ಅದಕ್ಕೆ ಪ್ರತಿ ಪಿಜಿಗೂ ತಮ್ಮ ಯೂನಿಟ್‌ನ ಹೊರಗೆ, ಸಹಿ-ಅಂಕ ಯಾವುದೂ ಕೈಯಲ್ಲಿಲ್ಲದ ಒಬ್ಬ ಹಿರಿಯರು ಇರಬೇಕು ಅನ್ನೋದು ನನ್ನ ವಾದ. ಈಗ ಪಿಜಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡೋದೂ ಕಡ್ಡಾಯ. ಅಲ್ಲಿರುವಾಗಲೂ ಆ ಹಿರಿಯರ ಕಡೆಯಿಂದ ವಾರಕ್ಕೊಂದು ಫೋನ್ ಬಂದ್ರೆ ದೊಡ್ಡ ಆಸರೆ.

ಕೇಳುತ್ತಿರುವ ನೀವು ಪಿಜಿ ಆಗಿದ್ದು, ಮನಸ್ಸು ಭಾರವಾಗಿದ್ದರೆ, ಟೆಲಿ-ಮಾನಸ್ ಸಹಾಯವಾಣಿ 14416. ಹಗಲು-ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ನೀವು ರೋಗಿಯ ಕಡೆಯವರಾಗಿದ್ದರೆ, 'ಡಾಕ್ಟ್ರೇ, ನಿಮ್ಮ ಯೂನಿಟ್‌ನ ಸೀನಿಯರ್‌ಗೆ ವಿಷಯ ತಿಳಿಸಿದ್ದೀರಾ?' ಅಂತ ಸಮಾಧಾನವಾಗಿ ಕೇಳೋ ಹಕ್ಕು ನಿಮಗಿದೆ. ಕೂಗಾಡಿದ್ರೆ ಆ ಡಾಕ್ಟರ್ ನಿಮ್ಮನ್ನ ನೋಡಿ ಹೆದರ್ತಾರೆ. ಹೀಗೆ ಕೇಳಿದ್ರೆ, ಫೋನ್ ಎತ್ತಿಕೊಳ್ಳೋಕೆ ಅವರಿಗೂ ಒಂದು ನೆಪ ಸಿಗುತ್ತೆ.