ಹನ್ನೆರಡು ಧಾನ್ಯ, ಒಂದೇ ಹೊಲ

ಉತ್ತರಾಖಂಡದ ಗಢವಾಲ ಸೀಮೆಯಲ್ಲಿ ರಾಗಿಗೆ ಮಂಡುವಾ ಎನ್ನುತ್ತಾರೆ; ಕೋದಾ ಎಂಬ ಹೆಸರೂ ಉಂಟು. ಅಲ್ಲಿನ ಬೆಟ್ಟದ ರೈತರು ಹಿಂದಿನಿಂದಲೂ ರಾಗಿಯೊಂದನ್ನೇ ಬಿತ್ತಿದವರಲ್ಲ. ಅದೇ ಹೊಲಕ್ಕೆ ದಂಟು, ಉದ್ದು, ಹುರುಳಿ, ಅಲಸಂದೆ, ರಾಜ್ಮಾ, ಕಪ್ಪು ಸೋಯಾ, ಎಳ್ಳು, ಜೋಳ ಎಲ್ಲವೂ ಬೀಳುತ್ತವೆ. ಈ ಪದ್ಧತಿಗೆ ಬಾರಾನಾಜಾ ಎಂದು ಹೆಸರು. ಬಾರಹ್ ಎಂದರೆ ಹನ್ನೆರಡು, ಅನಾಜ್ ಎಂದರೆ ಧಾನ್ಯ. ಲೆಕ್ಕ ಹನ್ನೆರಡೇ ಆಗಬೇಕೆಂದಿಲ್ಲ. ಊರಿನ ಎತ್ತರ, ಮಣ್ಣು ನೋಡಿಕೊಂಡು ಹೆಚ್ಚು ಕಡಿಮೆಯಾಗುತ್ತದೆ.

ನಮ್ಮ ಹಳೆ ಮೈಸೂರು ಸೀಮೆಯವರಿಗೆ ಇದು ತೀರಾ ಅಪರಿಚಿತವಲ್ಲ. ರಾಗಿ ಹೊಲದ ನಡುವೆ ಅಕ್ಕಡಿ ಸಾಲು ಹಾಕಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಬೆಳೆಯುತ್ತಿದ್ದ ಬುದ್ಧಿಯೇ ಅಲ್ಲಿಯೂ ಕೆಲಸ ಮಾಡಿದೆ. ಆದರೆ ಬಯಲುಸೀಮೆಯ ಹೊಲ ಸಮತಟ್ಟು; ಗಢವಾಲದ್ದು ಇಳಿಜಾರಿಗೆ ಕಲ್ಲು ಕಟ್ಟಿ ಮಾಡಿದ ಅಗಲ ಕಿರಿದಾದ ಮೆಟ್ಟಿಲು. ಬಹುಪಾಲು ಜಮೀನಿಗೆ ಮಳೆಯೇ ಗತಿ. ಜೋರು ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ, ಮಳೆ ತಪ್ಪಿದರೆ ಪೈರು ಒಣಗುತ್ತದೆ.

ಇಂಥ ಕಡೆ ಬೆಳೆಗಳ ಕೂಟ ಒಂದಕ್ಕೊಂದು ಆಸರೆ. ರಾಜ್ಮಾ ಬಳ್ಳಿ ದಂಟಿನ ಕಾಂಡವನ್ನು ಹಿಡಿದು ಮೇಲೇರುತ್ತದೆ. ಉದ್ದು, ಹುರುಳಿಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಹರಡಿದ ಎಲೆಗಳು ಮಳೆಹನಿಯ ಹೊಡೆತವನ್ನು ತಡೆದು ಮಣ್ಣನ್ನು ಕಾಯುತ್ತವೆ. ಎಲ್ಲ ಬೆಳೆಯೂ ಒಟ್ಟಿಗೆ ಮಾಗುವುದಿಲ್ಲವಾದ್ದರಿಂದ ಕೊಯ್ಲು ವಾರಗಟ್ಟಲೆ ನಡೆಯುತ್ತದೆ. ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಕೈಹಿಡಿಯುತ್ತದೆ. ಮನೆಗೆ ಕಾಳು, ಸೊಪ್ಪು, ಎಣ್ಣೆ ಸಿಗುತ್ತದೆ, ದನಕ್ಕೆ ಮೇವು ಉಳಿಯುತ್ತದೆ.

ಇದರ ಹಿಂದೆ ಹೊರಗಿನವರ ಕಣ್ಣಿಗೆ ಸುಲಭವಾಗಿ ಬೀಳದ ಇನ್ನೊಂದು ಏರ್ಪಾಡಿದೆ. ಅನೇಕ ಹಳ್ಳಿಗಳಲ್ಲಿ ಮಳೆಯಾಶ್ರಿತ ಜಮೀನನ್ನು ‘ಸಾರ್’ ಎಂಬ ಎರಡು ಭಾಗಗಳಾಗಿ ವಿಂಗಡಿಸಿರುತ್ತಾರೆ. ಮುಂಗಾರಿನಲ್ಲಿ ಒಂದು ಭಾಗಕ್ಕೆ ಬಾರಾನಾಜಾ, ಇನ್ನೊಂದಕ್ಕೆ ಊದಲು ಅಥವಾ ಮಳೆ ಭತ್ತ. ಭತ್ತದ ಹೊಲದಲ್ಲಿ ಚಳಿಗಾಲಕ್ಕೆ ಗೋಧಿ ಬರುತ್ತದೆ. ಬಾರಾನಾಜಾದ ಹೊಲವನ್ನು ಬೀಳುಬಿಟ್ಟು ದನ ಮೇಯಿಸುತ್ತಾರೆ. ಗೊಬ್ಬರವೂ ಅಲ್ಲಿಯೇ ಬೀಳುತ್ತದೆ. ಮರುವರ್ಷ ಎರಡೂ ಭಾಗ ಅದಲುಬದಲು. ಎರಡು ವರ್ಷದಲ್ಲಿ ಮೂರು ಬೆಳೆ, ಒಂದು ವಿಶ್ರಾಂತಿ.

ಈ ಸರದಿ ನಡೆಯಬೇಕಾದರೆ ಊರಿಗೆ ಊರೇ ಒಪ್ಪಬೇಕು. ಎಲ್ಲರ ದನ ಮೇಯುವ ಕಡೆ ಒಬ್ಬನೇ ಚಳಿಗಾಲದ ಪೈರು ಇಟ್ಟರೆ ಅವನ ಬೆಳೆಯೂ ಉಳಿಯದು, ಊರಿನ ಕಟ್ಟಳೆಯೂ ಉಳಿಯದು. ಆದ್ದರಿಂದ ಬಾರಾನಾಜಾ ಎಂದರೆ ಬೀಜಗಳ ಕೂಟವಷ್ಟೇ ಅಲ್ಲ, ನೆರೆಹೊರೆಯವರ ಒಡಂಬಡಿಕೆಯೂ ಹೌದು.

ಹಸಿರು ಕ್ರಾಂತಿಯ ಕಾಲದಲ್ಲಿ ಈ ಒಡಂಬಡಿಕೆ ಸಡಿಲವಾಯಿತು. ಬಯಲಿನ ನೀರಾವರಿ ಜಮೀನಿಗೆ ಹೊಂದುವ ತಳಿಗಳು, ರಾಸಾಯನಿಕ ಗೊಬ್ಬರ ಬೆಟ್ಟ ಹತ್ತಿದವು. 1980ರ ದಶಕದಲ್ಲಿ ಬಾರಾನಾಜಾದ ಬದಲು ಸೋಯಾಬೀನ್ ಬೆಳೆಯಿರಿ ಎಂಬ ಸರ್ಕಾರಿ ಉಪದೇಶವೂ ಬಂತು. ಸೋಯಾಬೀನಿನಿಂದ ಎಣ್ಣೆ ತೆಗೆಯಲು ಕಾರ್ಖಾನೆ ಬೇಕು. ಹಳ್ಳಿಯ ಮನೆಯಲ್ಲಿ ಅದು ಆಗದ ಕೆಲಸ. ಬೆಳೆದದ್ದನ್ನು ಮಾರಿ, ಉಣ್ಣುವುದನ್ನು ಕೊಳ್ಳಬೇಕಾದ ಸ್ಥಿತಿ ಬಡ ರೈತನಿಗೆ ಬಂದೊದಗಿತು.

ಇದನ್ನು ಪ್ರಶ್ನಿಸಿದವರು ಟೆಹ್ರಿ ಜಿಲ್ಲೆಯ ಹೇಂವಲ್ ಕಣಿವೆಯವರು. 1970ರ ದಶಕದ ಚಿಪ್ಕೊ ಚಳವಳಿಯಲ್ಲಿ ಮರ ಅಪ್ಪಿ ನಿಂತ ಕಣಿವೆಯದು. ಅದೇ ಚಿಪ್ಕೊ 1983ರಲ್ಲಿ ನಮ್ಮ ಶಿರಸಿಯ ಸಲ್ಕಣಿಯಲ್ಲಿ ‘ಅಪ್ಪಿಕೊ’ ಆಗಿ ಚಿಗುರಿತು. ತವರಿನಲ್ಲಿ ಅದರ ಕಾರ್ಯಕರ್ತರು ಕಾಡಿನಿಂದ ಹೊಲದ ಕಡೆ ತಿರುಗಿದರು. ಜರ್ಧಾರಗಾಂವ್‌ನ ರೈತ ವಿಜಯ್ ಜರ್ಧಾರಿ, ಧೂಮ್ ಸಿಂಗ್ ನೇಗಿ, ಕುಂವರ್ ಪ್ರಸೂನ್ ಮೊದಲಾದವರು 1980ರ ದಶಕದ ಉತ್ತರಾರ್ಧದಲ್ಲಿ ‘ಬೀಜ್ ಬಚಾವೋ ಆಂದೋಲನ’ ಆರಂಭಿಸಿದರು.

ಅವರ ಕೆಲಸದ ಬಗೆ ಸರಳ. ರಸ್ತೆ ತಲುಪದ ಹಳ್ಳಿಗಳಿಗೆ ನಡೆದುಹೋಗುವುದು, ಹಿರಿಯರು ಇಟ್ಟುಕೊಂಡ ಹಿಡಿ ಬೀಜ ಕೇಳುವುದು, ಅದನ್ನು ತಮ್ಮ ಹೊಲದಲ್ಲಿ ಬಿತ್ತಿ ನೋಡಿ ಬೇರೆಯವರಿಗೆ ಹಂಚುವುದು. ಹೀಗೆ ಭತ್ತ, ರಾಜ್ಮಾಗಳ ನೂರಾರು ತಳಿಗಳು ಬೆಳಕಿಗೆ ಬಂದವು. ಈ ತಳಿಗಳ ಗುಣ ಬಲ್ಲವರಲ್ಲಿ ಹೆಂಗಸರೇ ಮುಂದು. ಗಂಡಸರು ಬಯಲಿನ ಪಟ್ಟಣಗಳಿಗೆ ದುಡಿಯಲು ಹೋಗಿ ಕಳಿಸುವ ಹಣದ ಮೇಲೆ ಸಂಸಾರ ನಡೆಯುವ ಈ ಸೀಮೆಯನ್ನು ‘ಮನಿಯಾರ್ಡರ್ ಆರ್ಥಿಕತೆ’ ಎಂದೇ ಕರೆಯುತ್ತಾರೆ. ಬಿತ್ತನೆ, ಕಳೆ, ಕೊಯ್ಲು, ಮುಂದಿನ ವರ್ಷದ ಬೀಜದ ಆಯ್ಕೆ, ಎಲ್ಲಕ್ಕೂ ಮನೆಯಲ್ಲಿ ಉಳಿದ ಹೆಂಗಸರೇ ದಿಕ್ಕು. ಆಂದೋಲನ ಕೇಳಿದ್ದು ಅವರ ಮಾತನ್ನು.

ಈಗ ಕಾಲ ತಿರುಗಿದೆ. ‘ಒರಟು ಧಾನ್ಯ’ ಎಂದು ತಾತ್ಸಾರಕ್ಕೆ ಒಳಗಾಗಿದ್ದ ರಾಗಿ, ಊದಲುಗಳಿಗೆ ‘ಸಿರಿಧಾನ್ಯ’ದ ಮರ್ಯಾದೆ ಬಂದಿದೆ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಆದರೆ ಬೆಟ್ಟದ ಕಷ್ಟ ಇದರಿಂದ ನೀಗಲಿಲ್ಲ. 2001ರಿಂದ 2011ರ ನಡುವೆ ಪೌಡಿ, ಅಲ್ಮೋರಾ ಜಿಲ್ಲೆಗಳ ಜನಸಂಖ್ಯೆಯೇ ಇಳಿಯಿತೆಂದು ಜನಗಣತಿ ಹೇಳುತ್ತದೆ. ಬೀಗ ಜಡಿದ ಮನೆಗಳ ಹಳ್ಳಿಗಳಲ್ಲಿ ಉಳಿದ ಕೆಲವರು ಕಾಡುಹಂದಿ, ಕೋತಿಗಳಿಂದ ಬೆಳೆ ಕಾಯಲಾರದೆ ಸೋಲುತ್ತಿದ್ದಾರೆ. ಸುತ್ತಲ ಹೊಲಗಳೆಲ್ಲ ಪಾಳುಬಿದ್ದಾಗ ನಡುವಿನ ಒಂದು ಹೊಲ ಕಾಡುಪ್ರಾಣಿಗಳಿಗೆ ಬಡಿಸಿಟ್ಟ ಎಲೆಯಂತೆ.

ಇನ್ನೊಂದು ಅಪಾಯವೂ ಉಂಟು. ಪೇಟೆಯಲ್ಲಿ ಬೆಲೆ ಬಂದದ್ದು ರಾಗಿಗೆಂದು ರಾಗಿಯೊಂದನ್ನೇ ಬಿತ್ತಿದರೆ ಹೆಸರು ಬದಲಾದ ಒಂಟಿ ಬೆಳೆಯಾದೀತೇ ಹೊರತು ಬಾರಾನಾಜಾ ಆಗದು. ಬೀಜವನ್ನು ಶೀತಾಗಾರದಲ್ಲಿ ಇಟ್ಟು ವರ್ಷಗಟ್ಟಲೆ ಕಾಪಾಡಬಹುದು. ಯಾವ ಹೊಲಕ್ಕೆ ಈ ವರ್ಷ ವಿಶ್ರಾಂತಿ ಎಂದು ಕೂತು ಮಾತಾಡಿ ತೀರ್ಮಾನಿಸುವ ಊರನ್ನು ಹಾಗೆ ಇಡಲು ಬರುವುದಿಲ್ಲ. ಬೆಟ್ಟದ ಬೇಸಾಯಕ್ಕೆ ನೆರವಾಗಬಯಸುವ ಯಾವ ಯೋಜನೆಯೇ ಆಗಲಿ, ಮೊದಲು ಉಳಿಸಿಕೊಳ್ಳಬೇಕಾದದ್ದು ಆ ಮಾತುಕತೆಯನ್ನು.